ಯಾರ ಮುಂದೂ ಹೇಳಬ್ಯಾಡ್ರಿ, ಮೇಡಂ

ಎಚ್‌ಐವಿ ಸೋಂಕಿಗೆ ಪೂರ್ತಿ ಗುಣವಿಲ್ಲ. ಆದರೆ ದಿನಕ್ಕೊಂದು ಮಾತ್ರೆ ನುಂಗಿ ಮುಪ್ಪಿನವರೆಗೂ ಬದುಕಬಹುದು. ಹಾಗಿದ್ದೂ ವರದಿ ಕೈಗೆ ಬಂದ ಗಳಿಗೆಯಲ್ಲಿ ಜನ ಇವತ್ತಿಗೂ ಕುಸಿದು ಕೂರುತ್ತಾರೆ. ಮಾತ್ರೆ ಈ ಕಾಲದ್ದು, ಭಯ ಮಾತ್ರ 1989ರದು! ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ನೆಪದಲ್ಲಿ, ಆ ಭಯದ ಬೆನ್ನುಹತ್ತಿ ಒಂದು ಬರಹ.

1989ರ ಫೆಬ್ರುವರಿ 14. ಗೋವಾದ ಪರ್ರಾ ಎಂಬ ಹಳ್ಳಿ. ಡೊಮಿನಿಕ್ ಡಿಸೋಜ ಎಂಬ ಯುವಕನ ಮನೆಗೆ ಪೊಲೀಸರು ಬಂದರು. ಠಾಣೆಗೆ ಬರಬೇಕೆಂದರು. ಠಾಣೆಯಿಂದ ಆತನನ್ನು ಕರೆದೊಯ್ದದ್ದು ಮಾಪುಸಾದ ಆಸ್ಪತ್ರೆಗೆ. ಅಲ್ಲಿ ವೈದ್ಯರು ಪ್ರಶ್ನೆ ಕೇಳುತ್ತಾ ರಿಜಿಸ್ಟರೊಂದರಲ್ಲಿ ಬರೆದುಕೊಳ್ಳತೊಡಗಿದರು. ಯಾಕೆ, ಏನು ಎಂದು ಯಾರೂ ಹೇಳಲಿಲ್ಲ.

ಡೊಮಿನಿಕ್ ರಿಜಿಸ್ಟರಿನತ್ತ ಕಣ್ಣು ಹಾಯಿಸಿದ. ಅದರ ಮೇಲೆ ‘ಏಡ್ಸ್’ ಎಂದಿತ್ತು. ತನಗೇನಾಗಿದೆ ಎಂಬುದು ಆತನಿಗೆ ಗೊತ್ತಾದದ್ದು ಹಾಗೆ.

ಡೊಮಿನಿಕ್ ಆಗಾಗ ರಕ್ತದಾನ ಮಾಡುತ್ತಿದ್ದ. ದಾನ ಕೊಟ್ಟ ರಕ್ತದ ತಪಾಸಣೆಯಲ್ಲಿ ಎಚ್‌ಐವಿ ಕಂಡಿತ್ತು. ವಿಷಯ ಸರ್ಕಾರಕ್ಕೆ ಮುಟ್ಟಿತು, ಪೊಲೀಸರಿಗೆ ಮುಟ್ಟಿತು, ಎಲ್ಲ ಸುತ್ತಿಕೊಂಡು ಕಡೆಗೆ ಆತನ ಬಾಗಿಲಿಗೆ ಬಂತು. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಆಗ ಸೋಂಕಿತರನ್ನು ಪ್ರತ್ಯೇಕವಾಗಿ ಕೂಡಿಹಾಕಲೇಬೇಕೆಂಬ ನಿಯಮವಿತ್ತು. ಹಿಂದೊಮ್ಮೆ ಕ್ಷಯರೋಗಿಗಳನ್ನು ಇಡುತ್ತಿದ್ದ ಕಟ್ಟಡದಲ್ಲಿ ಆತನನ್ನು ಒಂಟಿಯಾಗಿ ಇಟ್ಟರು. ಹೊರಗೆ ಬಂದೂಕು ಹಿಡಿದ ಕಾವಲು. ಒಂದಲ್ಲ, ಎರಡಲ್ಲ, 64 ದಿನ.

ತಾಯಿ ಲೂಸಿ ಡಿಸೋಜ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ವಕೀಲ ಆನಂದ್ ಗ್ರೋವರ್ ವಾದಿಸಿದರು. ಏಪ್ರಿಲ್‌ನಲ್ಲಿ ಮಗ ಮನೆಗೆ ಬಂದ, ಆದರೆ ಹಳೆಯ ಕೆಲಸ ಹೋಗಿತ್ತು. ಮೂರು ವರ್ಷ ಬದುಕಿದ ಡೊಮಿನಿಕ್, 1992ರಲ್ಲಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆ ಹುಟ್ಟುಹಾಕಿ ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡ. 2005ರಲ್ಲಿ ಬಂದ ಹಿಂದಿ ಚಿತ್ರ ‘ಮೈ ಬ್ರದರ್ ನಿಖಿಲ್’ಗೆ ಈ ಬದುಕೇ ಪ್ರೇರಣೆ.

ನಮ್ಮ ಗಡಿಯಾಚೆ, ಕಾರವಾರದಿಂದ ಕೆಲವೇ ಗಂಟೆಗಳ ದಾರಿಯಲ್ಲಿ ನಡೆದ ಈ ಕತೆಯಲ್ಲಿ ಒಂದು ವಿಷಯ ಕಣ್ಣಿಗೆ ರಾಚುತ್ತದೆ. ಕಾಯಿಲೆಯ ಸುದ್ದಿ ಕಾಯಿಲೆ ಬಂದವನಿಗೆ ತಿಳಿದದ್ದು ಕಟ್ಟಕಡೆಗೆ. ಅದಕ್ಕೂ ಮೊದಲೇ ಪೊಲೀಸರಿಗೆ ಗೊತ್ತಿತ್ತು, ಆಸ್ಪತ್ರೆಗೆ ಗೊತ್ತಿತ್ತು. ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು?

ಬಾಗಿಲು ಹಾಕಿದ ಕೋಣೆಯಲ್ಲಿ

ಈಗ ಹಾಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಯೋಗಾಲಯದ ಪಕ್ಕ ಒಂದು ಚಿಕ್ಕ ಕೋಣೆ. ಬಾಗಿಲ ಮೇಲೆ ‘ಐಸಿಟಿಸಿ’ ಎಂಬ ಫಲಕ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಕೇಂದ್ರ. ಒಳಗೆ ಎರಡೋ ಮೂರೋ ಕುರ್ಚಿ, ಗೋಡೆಗೆ ಕ್ಯಾಲೆಂಡರು, ಮೇಜಿನ ಮೇಲೆ ಫೈಲು. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷೆಯಾಗಿ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ‘ಪಾಸಿಟಿವ್’ ಎಂದು ಬರೆಯುತ್ತಾರೆ. ಪರೀಕ್ಷೆಗೆ ಮುಂಚೆ ಒಪ್ಪಿಗೆ ಪಡೆಯಬೇಕು. ಫಲಿತಾಂಶವನ್ನು ಬಾಗಿಲು ಹಾಕಿಕೊಂಡು ಆಪ್ತಸಮಾಲೋಚಕರೇ ಹೇಳಬೇಕು.

ಹೇಳಿದ ಮೇಲೆ ಏನಾಗುತ್ತದೆ? ಸಿನಿಮಾದಲ್ಲಿ ತೋರಿಸುವ ಹಾಗೆ ಚೀರಾಟ, ಗುಡುಗು, ಮಿಂಚು ಏನೂ ಇಲ್ಲ. ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಕೆಲವರು ‘ಹೌದಾ, ಸರಿ ಮೇಡಂ’ ಎಂದು ಎದ್ದು ಹೊರಟೇಬಿಡುತ್ತಾರೆ, ಬಸ್ ನಿಲ್ದಾಣ ತಲುಪಿದ ಮೇಲೆ ಕೈಕಾಲು ಬಿದ್ದುಹೋಗುತ್ತವೆ. ಸಿಟ್ಟಿಗೆದ್ದು ಮೇಜು ಗುದ್ದುವವರೂ ಇದ್ದಾರೆ. ಇನ್ನು ಕೆಲವರಿಗೆ ಒಂದು ಬಗೆಯ ನಿರಾಳ! ಆರೆಂಟು ತಿಂಗಳಿಂದ ಬಿಡದ ಜ್ವರ, ಭೇದಿ, ಇಳಿಯುತ್ತಲೇ ಇದ್ದ ತೂಕ, ಹತ್ತು ಡಾಕ್ಟರು ಕೊಟ್ಟ ಹತ್ತು ಹೆಸರು. ಕಡೆಗೂ ಒಂದು ಹೆಸರು ಸಿಕ್ಕಿತಲ್ಲ ಎಂಬ ಸಮಾಧಾನ. ಇದನ್ನು ಕೇಳಿದವರು ನಂಬುವುದಿಲ್ಲ, ಅನುಭವಿಸಿದವರು ತಲೆಯಾಡಿಸುತ್ತಾರೆ.

ಆಮೇಲೆ ಪ್ರಶ್ನೆಗಳು. ‘ಇನ್ನೆಷ್ಟು ದಿನ?’ ‘ನನಗೆ ಹೆಂಗ ಬಂತು?’ ‘ಮಕ್ಕಳಿಗೂ ಇರತೈತೇನ್ರಿ?’ ಈ ಮೂರರ ಬೆನ್ನಿಗೇ, ಎಷ್ಟೋ ಸಲ ಮೂರಕ್ಕೂ ಮುಂಚೆಯೇ, ಒಂದು ಕೋರಿಕೆ: ‘ಯಾರ ಮುಂದೂ ಹೇಳಬ್ಯಾಡ್ರಿ, ಮೇಡಂ.’

ನುರಿತ ಸಮಾಲೋಚಕರು ಮೊದಲ ದಿನ ಹೆಚ್ಚು ಮಾತಾಡುವುದಿಲ್ಲ. ಆ ಹೊತ್ತಿನಲ್ಲಿ ಹೇಳಿದ್ದು ಕಿವಿಗೆ ಬೀಳುತ್ತದೆ, ತಲೆಗೆ ಇಳಿಯುವುದಿಲ್ಲ. ಇದಕ್ಕೆ ಔಷಧಿ ಇದೆ, ಪುಕ್ಕಟೆ ಸಿಗುತ್ತದೆ, ನಾಳೆ ಇಂಥ ಕಡೆ ಹೋಗಿ. ಅಷ್ಟು ಹೇಳಿ ಕೇಳುವ ಮುಖ್ಯ ಪ್ರಶ್ನೆ ಬೇರೆಯೇ: ಈಗ ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಮನೆಯಲ್ಲಿ ಯಾರಿದ್ದಾರೆ, ಇವತ್ತು ರಾತ್ರಿ ಯಾರ ಜೊತೆ ಇರುತ್ತೀರಿ? ಸೋಂಕು ಗೊತ್ತಾದ ಆರಂಭದ ದಿನಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಲೋಕಾಭಿರಾಮದಂತೆ ಕಾಣುವ ಆ ಪ್ರಶ್ನೆಯ ಹಿಂದಿನ ಲೆಕ್ಕಾಚಾರ ಇದು.

ಐದು ಮೆಟ್ಟಿಲಿನ ಕತೆ

ದುಃಖದ ಬಗ್ಗೆ ಮಾತೆತ್ತಿದರೆ ‘ಐದು ಹಂತ’ಗಳ ಪಟ್ಟಿ ಒಪ್ಪಿಸುವವರು ಬಹಳ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದ ಪುಸ್ತಕದಿಂದ ಬಂದದ್ದು ಇದು. ಷಿಕಾಗೊದ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಕೂತು ಆಡಿದ ಮಾತುಗಳೇ ಅದಕ್ಕೆ ಆಧಾರ. ಅಂದರೆ ಕೆಲವೇ ದಿನ ಉಳಿದಿದ್ದವರ ಮನಸ್ಸಿನ ಚಿತ್ರ. ಮುಂದೆ ನಲವತ್ತು ವರ್ಷ ಬದುಕಬೇಕಾದವರದಲ್ಲ.

ಆ ಪಟ್ಟಿ ನಮ್ಮಲ್ಲಿ ಬೇರೆಯದೇ ವೇಷ ತೊಡುತ್ತದೆ. ನಿರಾಕರಣೆ ಎಂದರೆ ಹುಬ್ಬಳ್ಳಿಯ ಲ್ಯಾಬು, ಬೆಳಗಾವಿಯ ಲ್ಯಾಬು, ಆಮೇಲೆ ಮಿರಜ್. ಹೆಸರು ಅದಲುಬದಲಾಗಿರಬೇಕು, ಮಷೀನು ಕೆಟ್ಟಿರಬೇಕು! ಚೌಕಾಸಿ ಎಂದರೆ ಹರಕೆ. ಧರ್ಮಸ್ಥಳಕ್ಕೆ ಮುಡಿ, ಸವದತ್ತಿ ಎಲ್ಲಮ್ಮನಿಗೆ ಉಡಿ. ದೇವರ ಜೊತೆಗಿನ ಚೌಕಾಸಿಯಿಂದ ಯಾರಿಗೂ ನಷ್ಟವಿಲ್ಲ, ಮಾತ್ರೆ ಬಿಡದಿದ್ದರೆ ಸಾಕು. ನಷ್ಟ ಮಾಡುವುದು ‘ನೂರಕ್ಕೆ ನೂರು ಗುಣ’ ಎಂದು ಪುಡಿ, ಲೇಹ್ಯ ಮಾರುವವರು. ಏಡ್ಸ್ ಗುಣಪಡಿಸುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ ಎಂದು ದೇಶದ ಔಷಧ ನಿಯಮಗಳಲ್ಲೇ ಇದೆ. ಆದರೂ ಎರಡೆಕರೆ ಹೊಲ ಅಡವಿಟ್ಟು ಲೇಹ್ಯ ತಿಂದು, ಒಣಗಿಹೋದ ಮೇಲೆ ಸರ್ಕಾರಿ ಆಸ್ಪತ್ರೆಗೆ ಬರುವವರು ನಿಂತಿಲ್ಲ.

ಕ್ಯೂಬ್ಲರ್-ರಾಸ್ ಅವರಿಗೂ ಏಡ್ಸ್ ಒಂದು ಪಾಠ ಕಲಿಸಿತು. 1980ರ ದಶಕದ ನಡುವಿನಲ್ಲಿ ವರ್ಜೀನಿಯಾದ ತಮ್ಮ ತೋಟದಲ್ಲಿ ಸೋಂಕಿತ ಕೂಸುಗಳಿಗೆ ಆಶ್ರಯ ಕಟ್ಟುತ್ತೇನೆಂದು ಅವರು ಹೊರಟರು. ಸುತ್ತಲಿನವರು ಸಹಿ ಸಂಗ್ರಹಿಸಿ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. 1994ರಲ್ಲಿ ಅವರ ಮನೆ ಬೆಂಕಿಗೆ ಆಹುತಿಯಾಯಿತು. ಸಾಯುವವನ ಮನಸ್ಸಿಗೆ ಐದು ಹಂತ ಹುಡುಕಿದ ಆಕೆಗೆ, ನೆರೆಹೊರೆಯವರ ಮನಸ್ಸು ಮೊದಲ ಹಂತ ದಾಟಿದ್ದೂ ಕಾಣಲಿಲ್ಲ.

ಸಾಯುವ ಭಯ ಒಂದು, ನಾಲ್ಕು ಜನ ಏನಂದಾರು ಎಂಬ ಭಯ ಇನ್ನೊಂದು. ಮೊದಲನೆಯದಕ್ಕೆ ಮದ್ದು ಸಿಕ್ಕಿದೆ.

▣ ಏಕೆ ಗುಣವಾಗುವುದಿಲ್ಲ?
ಎಚ್‌ಐವಿ ದಾಳಿ ಮಾಡುವುದು ದೇಹವನ್ನು ಕಾಯುವ ಸಿಡಿ4 ಕಣಗಳ ಮೇಲೆ. ಕಣದೊಳಗೆ ಹೊಕ್ಕು ನಮ್ಮ ಡಿಎನ್‌ಎ ಜೊತೆ ತನ್ನ ವಂಶಬರಹವನ್ನೂ ಸೇರಿಸಿಬಿಡುತ್ತದೆ. ಅಂಥ ಕೆಲವು ಕಣಗಳು ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತವೆ. ಔಷಧಿ ತಡೆಯುವುದು ವೈರಸ್ ಮರಿಹಾಕುವುದನ್ನು. ಮಲಗಿದ್ದನ್ನು ಅದು ಮುಟ್ಟಲಾರದು. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏಳುತ್ತದೆ. ಸೋಂಕಿನಿಂದ ಪೂರ್ತಿ ಬಿಡುಗಡೆ ಪಡೆದ ಮೊದಲಿಗ ತಿಮೋಥಿ ರೇ ಬ್ರೌನ್. ರಕ್ತದ ಕ್ಯಾನ್ಸರ್‌ಗಾಗಿ ಆತನಿಗೆ ಬರ್ಲಿನ್‌ನಲ್ಲಿ ಅಸ್ಥಿಮಜ್ಜೆ ಬದಲಿಸಿದ್ದರು. ಎಚ್‌ಐವಿಯನ್ನು ಕಣದ ಒಳಹೊಗಲು ಬಿಡದ ಅಪರೂಪದ ಜೀನ್ ಇದ್ದ ದಾನಿಯ ಮಜ್ಜೆ ಅದು. ಕ್ಯಾನ್ಸರ್ ಇಲ್ಲದವರಿಗೆ ಮಾಡಲಾಗದಷ್ಟು ಅಪಾಯದ ಚಿಕಿತ್ಸೆ. ಬ್ರೌನ್ 2020ರಲ್ಲಿ ಮರುಕಳಿಸಿದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮೊದಲು ಗೊತ್ತಾದವಳೇ ಅಪರಾಧಿ

ಹೆಂಗಸಿಗೆ ಈ ಸುದ್ದಿ ಬರುವ ದಾರಿಯೇ ಬೇರೆ. ಎಷ್ಟೋ ಸಲ ಬಸಿರಿಯಾದಾಗ ಮಾಡುವ ರಕ್ತಪರೀಕ್ಷೆಯಲ್ಲೇ ಆಕೆಗೆ ಸೋಂಕಿರುವುದು ತಿಳಿಯುತ್ತದೆ. ಸೀಮಂತದ ಸೀರೆ ಆರಿಸಬೇಕಾದ ತಿಂಗಳಲ್ಲಿ ಹೀಗೊಂದು ಚೀಟಿ. ಗಂಡನ ರಕ್ತವನ್ನು ಇನ್ನೂ ಯಾರೂ ನೋಡಿರುವುದಿಲ್ಲ. ಮನೆಯಲ್ಲಿ ಮೊದಲು ಪರೀಕ್ಷೆಯಾದವಳು ಆಕೆ, ಹಾಗಾಗಿ ‘ಮನೆಗೆ ರೋಗ ತಂದವಳು’ ಕೂಡ ಆಕೆಯೇ! ಈ ವಿಚಿತ್ರ ತರ್ಕಕ್ಕೆ ಸಿಕ್ಕಿ ತವರಿಗೆ ಮರಳಿದ ಸೊಸೆಯಂದಿರ ಕತೆಗಳು ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆ ಬೇಕಾದಷ್ಟು ಸಿಗುತ್ತವೆ.

ಗಂಡ ಸತ್ತ ಮೇಲೆ ಗೊತ್ತಾಗುವುದು ಇನ್ನೊಂದು ಬಗೆ. ಆತ ಯಾಕೆ ಸತ್ತ ಎಂಬುದು ಆಗ ತಿಳಿಯುತ್ತದೆ. ಅಳು ಮುಗಿದಿರುವುದಿಲ್ಲ, ಸಿಟ್ಟು ಶುರುವಾಗಿರುತ್ತದೆ. ಫೋಟೊಗೆ ಹಾಕಿದ ಹಾರ ಇನ್ನೂ ಬಾಡಿಲ್ಲ. ಅವನ ಜೊತೆ ಜಗಳವಾಡಬೇಕು, ಅವನಿಲ್ಲ. ಮಕ್ಕಳ ಮುಂದೆ ಅಪ್ಪನ ಹೆಸರು ಕೆಡಿಸುವಂತಿಲ್ಲ. ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ಯಾವ ಪುಸ್ತಕದ ಯಾವ ಹಂತವೂ ಹೇಳಿಕೊಟ್ಟಿಲ್ಲ.

ಹೆರಿಗೆಯಾದ ಮೇಲೆ ಹಾಲಿನ ಪ್ರಶ್ನೆ. ಒಂದು ಕಾಲದಲ್ಲಿ ಸೋಂಕಿತ ತಾಯಂದಿರಿಗೆ ಎದೆಹಾಲು ಬಿಟ್ಟು ಡಬ್ಬಿ ಹಾಲು ಕೊಡಲು ಹೇಳುತ್ತಿದ್ದರು. ಬಾಣಂತಿಯ ಕೋಣೆಗೆ ಇಣುಕುವ ಪ್ರತಿ ಮುತ್ತೈದೆಯ ಬಾಯಲ್ಲೂ ಒಂದೇ ಮಾತು: ‘ಯಾಕವ್ವಾ, ಹಾಲು ಇಳೀಲಿಲ್ಲೇನು?’ ಮುಚ್ಚಿಟ್ಟ ಗುಟ್ಟು ಬಾಟಲಿಯ ರೂಪದಲ್ಲಿ ತೊಟ್ಟಿಲ ಪಕ್ಕವೇ ನಿಂತಿರುತ್ತಿತ್ತು. ಈಗ ತಾಯಿ ಮಾತ್ರೆ ತಪ್ಪಿಸದೆ ನುಂಗುತ್ತಾ ಮೊದಲ ಆರು ತಿಂಗಳು ಬರೀ ಎದೆಹಾಲನ್ನೇ ಕೊಡಬಹುದು. ಏನೂ ಮಾಡದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಚಿಕಿತ್ಸೆಯಿಂದ ಅದನ್ನು 5ಕ್ಕೂ ಕೆಳಗಿಳಿಸಬಹುದು. ಕೂಸಿನ ರಕ್ತದಲ್ಲಿ ಸೋಂಕಿಲ್ಲ ಎಂದು ಖಾತ್ರಿಯಾದ ದಿನ ಆಸ್ಪತ್ರೆಯ ಕಾರಿಡಾರಿನಲ್ಲೇ ಬಿಕ್ಕಿ ಅತ್ತ ತಾಯಂದಿರಿದ್ದಾರೆ. ತಮ್ಮ ವರದಿ ಬಂದ ದಿನ ಒಂದು ಹನಿ ಹಾಕದವರು.

ನ್ಯಾಯಮೂರ್ತಿಯ ಹನ್ನೆರಡು ವರ್ಷ

ಅವಮಾನದ ಭಯ ಬಡವರದ್ದು, ಓದದವರದ್ದು ಎಂದುಕೊಳ್ಳುವವರು ದಕ್ಷಿಣ ಆಫ್ರಿಕಾದ ಎಡ್ವಿನ್ ಕ್ಯಾಮರಾನ್ ಅವರ ಕತೆ ಕೇಳಬೇಕು. ಅವರು ಬಿಳಿಯ, ಹೆಸರಾಂತ ಮಾನವಹಕ್ಕು ವಕೀಲ. 1986ರಲ್ಲಿ ವೈದ್ಯರು ಫೋನಿನಲ್ಲೇ ಅವರಿಗೆ ಎಚ್‌ಐವಿ ಸೋಂಕಿನ ಸುದ್ದಿ ಮುಟ್ಟಿಸಿದರು. ಸೋಂಕಿತರ ಹಕ್ಕುಗಳಿಗಾಗಿ ಊರೆಲ್ಲ ವಾದಿಸುತ್ತಿದ್ದ ಮನುಷ್ಯ ತನ್ನ ವಿಷಯಕ್ಕೆ ಬಂದಾಗ ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ನಡುವೆ ಹೈಕೋರ್ಟ್ ನ್ಯಾಯಾಧೀಶರೂ ಆದರು. 1997ರಲ್ಲಿ ಕಾಯಿಲೆ ಉಲ್ಬಣಿಸಿತು. ಔಷಧಿಯ ಖರ್ಚು ಭರಿಸಬಲ್ಲವರಾಗಿದ್ದರಿಂದ ಬದುಕಿದರು.

1998ರ ಡಿಸೆಂಬರ್‌ನಲ್ಲಿ ಡರ್ಬನ್ ಬಳಿ ಗುಗು ಡ್ಲಾಮಿನಿ ಎಂಬ ಹೆಣ್ಣುಮಗಳು ತನಗೆ ಸೋಂಕಿದೆಯೆಂದು ಬಹಿರಂಗವಾಗಿ ಹೇಳಿಕೊಂಡದ್ದಕ್ಕೆ ಜನ ಹೊಡೆದು ಕೊಂದರು. ಯಾವ ರಕ್ಷಣೆಯೂ ಇಲ್ಲದ ಬಡವಿ ಹೇಳಿಕೊಂಡಳು, ಎಲ್ಲ ರಕ್ಷಣೆ ಇದ್ದ ನ್ಯಾಯಾಧೀಶ ಸುಮ್ಮನಿದ್ದಾನೆ! ಈ ವ್ಯತ್ಯಾಸ ಕ್ಯಾಮರಾನ್ ಅವರನ್ನು ಕೊರೆಯಿತು. 1999ರಲ್ಲಿ, ಸಂವಿಧಾನ ನ್ಯಾಯಾಲಯದ ಹುದ್ದೆಗೆ ನಡೆದ ಸಂದರ್ಶನದಲ್ಲಿ ಅವರು ಬಹಿರಂಗವಾಗಿ ಹೇಳಿಯೇಬಿಟ್ಟರು. ಆಮೇಲೆ ಬರೆದ ಆತ್ಮಕಥನದಲ್ಲಿ ಅವರು ಹೊರಗಿನವರ ತಿರಸ್ಕಾರಕ್ಕಿಂತ ಸೋಂಕಿತನೇ ತನ್ನ ಮೇಲೆ ಹೊರಿಸಿಕೊಳ್ಳುವ ಅವಮಾನದ ಬಗ್ಗೆ ಒತ್ತಿ ಹೇಳುತ್ತಾರೆ. ಯಾರೂ ಬೈಯದಿದ್ದರೂ ಒಳಗೇ ಒಬ್ಬ ಬೈಯುತ್ತಿರುತ್ತಾನೆ. ಆ ಒಳಗಿನವನ ಬಾಯಿಗೆ ಮಾತು ತುಂಬಿದವರು ಯಾರು?

ಮಹಾಮಾರಿಯಿಂದ ಏಡ್ಸಮ್ಮನವರೆಗೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ವೆಲ್ಲೂರಿಗೆ ಒಯ್ದರು. ಆರು ಮಂದಿಯಲ್ಲಿ ಸೋಂಕು ಸಿಕ್ಕಿತು. ವಿಧಾನಸಭೆಯಲ್ಲಿ ಆರೋಗ್ಯ ಸಚಿವರು ಘೋಷಿಸಿದರು, ಪತ್ರಿಕೆಗಳು ಬರೆದವು. ‘ಇದು ಅಂಥವರ ಕಾಯಿಲೆ’ ಎಂಬ ಮುದ್ರೆ ಬಿದ್ದದ್ದು ಅಲ್ಲೇ. ತಪ್ಪು ವೈದ್ಯರದ್ದಲ್ಲ, ಅವರು ಎಲ್ಲಿ ಹುಡುಕಿದರೋ ಅಲ್ಲಿ ಸಿಕ್ಕಿತು, ಅಷ್ಟೆ. ಆದರೆ ಊರು ಅದನ್ನು ಕೇಳಿಸಿಕೊಂಡ ಬಗೆ ಬೇರೆ.

ಮುಂದಿನ ಹತ್ತು ಹದಿನೈದು ವರ್ಷ ಗೋಡೆಬರಹ, ಭಿತ್ತಿಪತ್ರಗಳದ್ದೇ ಕಾರುಬಾರು. ತಲೆಬುರುಡೆ, ಅಡ್ಡ ಎಲುಬು, ಹೆಡೆಯೆತ್ತಿದ ಹಾವು. ಪತ್ರಿಕೆಗಳಿಗೆ ಅದು ‘ಮಹಾಮಾರಿ’. ಜನರನ್ನು ಹೆದರಿಸಿದರೆ ಎಚ್ಚರವಾಗಿರುತ್ತಾರೆ ಎಂಬ ಸದುದ್ದೇಶ. ಹೆದರಿದರು ನಿಜ. ಪರೀಕ್ಷೆ ಮಾಡಿಸಿಕೊಳ್ಳಲೂ ಹೆದರಿದರು. ಅಂದು ಬಸ್ ನಿಲ್ದಾಣದ ಗೋಡೆಯ ಮೇಲೆ ಆ ಬುರುಡೆ ನೋಡಿ ಬೆಳೆದ ಹುಡುಗನಿಗೆ ಇಂದು ನಲವತ್ತೈದು. ವರದಿ ಕೈಗೆ ಬಂದಾಗ ಅವನ ಕಣ್ಣ ಮುಂದೆ ಕುಣಿಯುವುದು ಅದೇ ಬುರುಡೆ.

ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಇದಕ್ಕೊಂದು ಅಪೂರ್ವ ಉತ್ತರ ಹುಟ್ಟಿತು. ಏಡ್ಸ್‌ನಿಂದ ಸತ್ತರೆಂದು ದಂಪತಿಯನ್ನು ಊರು ದೂರವಿಟ್ಟದ್ದು ಕಂಡು ನೊಂದ ಶಾಲಾ ಶಿಕ್ಷಕರೊಬ್ಬರು 1997ರಲ್ಲಿ ‘ಏಡ್ಸಮ್ಮ’ನಿಗೊಂದು ಗುಡಿ ಕಟ್ಟಿದರು. ಸಿಡುಬಿಗೆ, ಪ್ಲೇಗಿಗೆ ಅಮ್ಮನಿದ್ದಾಳೆ, ಇದಕ್ಕೂ ಇರಲಿ. ಗುಡಿಗೆ ಬಂದವರಿಗೆ ಸಿಗಬೇಕಾದ ಪ್ರಸಾದ ಸೋಂಕು ಹರಡುವ, ಹರಡದ ಬಗೆಗಿನ ತಿಳಿವಳಿಕೆ. ವಿಚಾರವಾದಿಗಳು ಮೂಗು ಮುರಿಯಬಹುದು. ಆದರೆ ಲಕ್ಷಗಟ್ಟಲೆ ಭಿತ್ತಿಪತ್ರ ಮಾಡದ ಒಂದು ಕೆಲಸವನ್ನು ಆ ಮೇಷ್ಟ್ರು ಮಾಡಿದರು: ಕಾಯಿಲೆಯ ಹೆಸರನ್ನು ಊರ ನಡುವೆ ಗಟ್ಟಿಯಾಗಿ ಹೇಳುವಂತೆ ಮಾಡಿದರು.

ಆ ಹೊತ್ತಿಗೆ ಉತ್ತರ ಕರ್ನಾಟಕ ಬೇಯುತ್ತಿತ್ತು. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಜನಸಾಮಾನ್ಯರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಿರ ಹತ್ತಿರ ಮೂವರಲ್ಲಿ ಸೋಂಕು ಕಂಡಿತು. ‘ಅಂಥವರ ಕಾಯಿಲೆ’ ಎಂಬ ಮಾತು ಅಲ್ಲಿಗೆ ಸುಳ್ಳಾಗಬೇಕಿತ್ತು.

ಮದ್ದು ಬಂತು, ಕಾಯುವ ಶಿಕ್ಷೆಯೂ ಬಂತು

1996ರಲ್ಲಿ ವ್ಯಾಂಕೂವರ್ ಸಮ್ಮೇಳನದಲ್ಲಿ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯ ಫಲಿತಾಂಶ ಕೇಳಿ ಲೋಕ ಬೆರಗಾಯಿತು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಅಮೆರಿಕದಲ್ಲಿ ಇದು ತಮಾಷೆಯ ಸಂಕಟವೊಂದನ್ನು ತಂದಿತು. ಸಾಯುತ್ತೇವೆಂದುಕೊಂಡ ಅನೇಕ ರೋಗಿಗಳು ತಮ್ಮ ಜೀವವಿಮೆಯನ್ನು ಕಡಿಮೆ ಬೆಲೆಗೆ ಮಾರಿ, ಬಂದ ದುಡ್ಡನ್ನು ಖರ್ಚು ಮಾಡಿದ್ದರು. ವಿಮೆ ಕೊಂಡವರು ಇವರ ಸಾವಿಗೆ ಕಾದಿದ್ದರು. ಇವರು ಸಾಯಲಿಲ್ಲ! ಕೈಯಲ್ಲಿ ಕಾಸಿಲ್ಲ, ಕೆಲಸ ಬಿಟ್ಟಾಗಿದೆ, ಗೆಳೆಯರೆಲ್ಲ ತೀರಿಹೋಗಿದ್ದಾರೆ, ಮುಂದೆ ಮೂವತ್ತು ವರ್ಷ ಬಾಕಿ. ಸಾವಿಗೆ ಮನಸ್ಸನ್ನು ಸಜ್ಜು ಮಾಡಿಕೊಂಡವನು ಬದುಕಿಗೆ ಸಜ್ಜಾಗುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

ನಮ್ಮಲ್ಲಿ ಔಷಧಿ ಇತ್ತು, ಕೊಳ್ಳುವ ತಾಕತ್ತಿರಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಚಿಕಿತ್ಸೆಯನ್ನು 2001ರಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರ್‌ಗೆ ಕೊಡುತ್ತೇನೆಂದಾಗ ಲೆಕ್ಕ ತಿರುಗಿತು. 2004ರ ಏಪ್ರಿಲ್ 1ರಿಂದ ಸರ್ಕಾರವೇ ಪುಕ್ಕಟೆಯಾಗಿ ಹಂಚತೊಡಗಿತು. ಕರ್ನಾಟಕದಲ್ಲಿ ಮೊದಲ ಕೇಂದ್ರ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ.

ಆದರೆ ಎಲ್ಲರಿಗೂ ಕೂಡಲೇ ಅಲ್ಲ. ಸಿಡಿ4 ಎಣಿಕೆ 200ಕ್ಕಿಂತ ಇಳಿದವರಿಗೆ ಮೊದಲು. ಆರೋಗ್ಯವಂತರಲ್ಲಿ ಅದು 500ರ ಮೇಲಿರುತ್ತದೆ. ಹಾಗಾಗಿ ‘ನಿಮಗೆ ಗುಣವಾಗದ ಸೋಂಕಿದೆ, ಈಗ ಮನೆಗೆ ಹೋಗಿ, ಇನ್ನಷ್ಟು ಹಾಳಾದ ಮೇಲೆ ಬನ್ನಿ’ ಎಂದು ಕೇಳಿಸಿಕೊಂಡು ಹೊರಬಿದ್ದವರು ಸಾವಿರಾರು. ಆರು ತಿಂಗಳಿಗೊಮ್ಮೆ ರಕ್ತ ಕೊಡುವುದು, ಎಣಿಕೆ ಇಳಿಯಿತೇ ಎಂದು ನೋಡುವುದು. ಇಳಿಯಬಾರದೆಂಬ ಆಸೆ, ಇಳಿದರೆ ಮಾತ್ರೆಯಾದರೂ ಸಿಗುತ್ತದೆಂಬ ಇನ್ನೊಂದು ಆಸೆ. ಮನುಷ್ಯನ ಮನಸ್ಸನ್ನು ಇಷ್ಟು ನಾಜೂಕಾಗಿ ಹಿಂಡುವ ವ್ಯವಸ್ಥೆಯನ್ನು ಬೇಕೆಂದೇ ಯಾರೂ ಮಾಡಿರಲಾರರು. ಮಿತಿ ಮುಂದೆ 350 ಆಯಿತು, 500 ಆಯಿತು. 2017ರಿಂದ, ಸೋಂಕು ಖಚಿತವಾದವರಿಗೆಲ್ಲ ತಡಮಾಡದೆ ಮಾತ್ರೆ.

ಇದರಿಂದ ಬದಲಾದದ್ದು ಬರೀ ಆಯುಷ್ಯವಲ್ಲ. ಸೋಂಕಿತರ ಮನಸ್ಸನ್ನು ಸದಾ ಕೊರೆಯುವ ಇನ್ನೊಂದು ಭಯ, ‘ನನ್ನಿಂದ ಅವಳಿಗೆ ಬಂದರೆ?’ 2011ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ಒಂಬತ್ತು ದೇಶಗಳ 1,763 ಜೋಡಿಗಳನ್ನು ಗಮನಿಸಿತ್ತು. ಚೆನ್ನೈ, ಪುಣೆಯ ಜೋಡಿಗಳೂ ಅದರಲ್ಲಿದ್ದವು. ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ನೂರಕ್ಕೆ 96ರಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ಮುಂದಿನ ಅಧ್ಯಯನಗಳು ಇನ್ನೂ ಸ್ಪಷ್ಟ: ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ತನ್ನನ್ನು ತಾನೇ ವಿಷವೆಂದುಕೊಂಡು ಹೆಂಡತಿಯ ಕೈ ಹಿಡಿಯಲೂ ಅಂಜುತ್ತಿದ್ದ ಗಂಡಸಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ. ದುರಂತವೆಂದರೆ ಬುರುಡೆಯ ಚಿತ್ರ ಊರೂರಿಗೆ ತಲುಪಿದಷ್ಟು ಈ ಸುದ್ದಿ ತಲುಪಿಲ್ಲ.

▣ ಕಾನೂನು ಏನನ್ನುತ್ತದೆ?
ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕಾಯ್ದೆ ಹೇಳಿದ ಸಂದರ್ಭ ಬಿಟ್ಟು, ಸೋಂಕಿನ ಸಂಗತಿಯನ್ನು ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ಯಾವುದರಲ್ಲೂ ತಾರತಮ್ಯ ಸಲ್ಲದು. 1998ರಲ್ಲಿ, ಆಸ್ಪತ್ರೆಯಿಂದ ವಿಷಯ ಹೊರಬಿದ್ದು ಮದುವೆ ಮುರಿದುಬಿದ್ದ ‘ಮಿಸ್ಟರ್ ಎಕ್ಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೋಂಕಿತರ ಮದುವೆಯ ಹಕ್ಕಿನ ವಿರುದ್ಧವೇ ಮಾತಾಡಿತ್ತು. 2002ರಲ್ಲಿ ಆ ಮಾತುಗಳಿಗೆ ತಾನೇ ತೆರೆ ಎಳೆಯಿತು.
ಸಹಾಯವಾಣಿ: ಎಚ್‌ಐವಿ ಮಾಹಿತಿಗೆ 1097. ಮನಸ್ಸು ಕುಸಿದಾಗ ಟೆಲಿ-ಮಾನಸ್ 14416. ಎರಡೂ ಉಚಿತ.

ನಗುವಿನ ಲೆಕ್ಕ

1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಸಾನ್ ಫೋಕ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ, ಏಡ್ಸ್‌ನಿಂದ ಸಾಯುತ್ತಿದ್ದ ಸಂಗಾತಿಯ ಆರೈಕೆ ಮಾಡುತ್ತಿದ್ದ ಗಂಡಸರನ್ನು ಮಾತಾಡಿಸುತ್ತಿದ್ದರು. ಆರೈಕೆ ಮಾಡುವವರಲ್ಲೂ ಹಲವರಿಗೆ ಸೋಂಕಿತ್ತು. ಪ್ರಶ್ನೆಗಳೆಲ್ಲ ಸಂಕಟದ ಬಗ್ಗೆ. ಸ್ವಲ್ಪ ದಿನ ಕಳೆದ ಮೇಲೆ ಆ ಗಂಡಸರೇ ಆಕ್ಷೇಪ ಎತ್ತಿದರು: ಒಳ್ಳೆಯದೂ ಆಗುತ್ತಿರುತ್ತದೆ, ಅದನ್ನೇಕೆ ನೀವು ಕೇಳುವುದಿಲ್ಲ? ಕೇಳತೊಡಗಿದಾಗ ಸಿಕ್ಕ ಉತ್ತರಗಳಿಂದ ಫೋಕ್‌ಮನ್ ಸಂಕಟ ನಿಭಾಯಿಸುವ ಬಗೆಗಿನ ತಮ್ಮ ಸಿದ್ಧಾಂತವನ್ನೇ ತಿದ್ದಿಕೊಂಡರು. ಕಡುದುಃಖದ ನಡುವೆಯೂ ಮನಸ್ಸು ಸಣ್ಣಪುಟ್ಟ ಖುಷಿಗಳನ್ನು ಹುಡುಕಿಕೊಳ್ಳುತ್ತದೆ. ಅದು ದುಃಖವನ್ನು ಅಲ್ಲಗಳೆದದ್ದಲ್ಲ, ದುಃಖದ ಪಕ್ಕದಲ್ಲೇ ಅದರ ವಾಸ.

ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಸಾಲಿನಲ್ಲಿ ಅರ್ಧ ಗಂಟೆ ನಿಂತವರಿಗೆ ಇದು ಹೊಸದೆನಿಸದು. ಹೊಸಬರು ಮುಖಕ್ಕೆ ಸೆರಗು, ಟವೆಲು ಮುಚ್ಚಿಕೊಂಡು ಗೋಡೆ ನೋಡುತ್ತಿರುತ್ತಾರೆ. ಹಳಬರು ಮಳೆ, ಬೆಳೆ, ಮಗಳ ಮದುವೆ ಮಾತಾಡುತ್ತಿರುತ್ತಾರೆ. ‘ವೈರಲ್ ಲೋಡ್ ಎಷ್ಟು ಬಂತು?’ ಎಂದು ರಕ್ತದಲ್ಲಿನ ವೈರಸ್ ಎಣಿಕೆಯನ್ನು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದೂ ಉಂಟು. ಒಬ್ಬ ಹೊಸಬನಿಗೆ ವೈದ್ಯರ ಒಂದು ತಾಸಿನ ಉಪದೇಶಕ್ಕಿಂತ, ಹದಿನೆಂಟು ವರ್ಷದಿಂದ ಮಾತ್ರೆ ನುಂಗುತ್ತಾ ದುಂಡಗಾಗಿರುವ ಅಕ್ಕ ಪಕ್ಕದಲ್ಲಿ ಕೂತು ‘ನನ್ನ ನೋಡಪಾ’ ಎಂದರೆ ಸಾಕಾಗುತ್ತದೆ. ಸೋಂಕಿತರ ಸಂಘಗಳು ಮಾಡುತ್ತಾ ಬಂದಿರುವುದು ಇದನ್ನೇ.

ಮಕ್ಕಳ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಹುಟ್ಟಿನಿಂದಲೇ ಸೋಂಕು ಪಡೆದವರಿಗೆ ಮನೆಯವರು ‘ಶಕ್ತಿಯ ಮಾತ್ರೆ’ ಎಂದೋ ‘ದಮ್ಮಿನ ಮಾತ್ರೆ’ ಎಂದೋ ಹೇಳಿ ನುಂಗಿಸಿರುತ್ತಾರೆ. ಆರರಿಂದ ಹನ್ನೆರಡರ ನಡುವೆ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ತಿಳಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೇಳಲು ಅಜ್ಜಿಗೆ ಬಾಯಿ ಬರುವುದಿಲ್ಲ. ಒಂದು ದಿನ ಜೀವಶಾಸ್ತ್ರದ ಪಾಠದಲ್ಲಿ, ಇಲ್ಲವೇ ಆಸ್ಪತ್ರೆಯ ಗೋಡೆಯ ಮೇಲೆ ಹುಡುಗ ತಾನೇ ಓದಿಕೊಳ್ಳುತ್ತಾನೆ. ಆಗ ಅವನಿಗೆ ಬರುವ ಸಿಟ್ಟು ವೈರಸ್ ಮೇಲಲ್ಲ, ಸುಳ್ಳಿನ ಮೇಲೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಮಾತ್ರೆ ಬಿಟ್ಟುಬಿಡುವ ಮಕ್ಕಳ ಹಿಂದೆ ಬಹಳ ಸಲ ಈ ಸಿಟ್ಟಿರುತ್ತದೆ.

ದೇಶದಲ್ಲಿ ಈಗ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ ಎಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಅಂದಾಜು. ಮಹಾರಾಷ್ಟ್ರ, ಆಂಧ್ರಪ್ರದೇಶ ಬಿಟ್ಟರೆ ಹೆಚ್ಚಿನವರಿರುವುದು ಕರ್ನಾಟಕದಲ್ಲಿ. ಅವರಲ್ಲಿ ಎಷ್ಟೋ ಜನ ತಮ್ಮ ಊರಿನ ಹತ್ತಿರದ ಕೇಂದ್ರ ಬಿಟ್ಟು, ಇಡೀ ದಿನದ ಕೂಲಿ ಕಳೆದುಕೊಂಡು, ಪಕ್ಕದ ಜಿಲ್ಲೆಗೆ ಹೋಗಿ ಮಾತ್ರೆ ತರುತ್ತಾರೆ. ಪರಿಚಯದವರು ಕಂಡಾರು ಎಂಬ ಅಂಜಿಕೆ. ಡಬ್ಬಿಯ ಮೇಲಿನ ಚೀಟಿ ಕಿತ್ತು, ಅಲ್ಲಾಡಿಸಿದರೆ ಸದ್ದಾಗದಂತೆ ಹತ್ತಿ ತುರುಕಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ.

1990ರ ದಶಕದ ಕೊನೆಯಲ್ಲಿ ಸಾಯುತ್ತೇವೆಂದು ಹೆದರಿದ್ದವರು ಈಗ ಅರವತ್ತು ದಾಟುತ್ತಿದ್ದಾರೆ. ವಯಸ್ಸಿನ ಜೊತೆ ಬರುವ ಸಕ್ಕರೆ, ರಕ್ತದೊತ್ತಡ, ಮಂಡಿನೋವು ಇವರನ್ನೂ ಬಿಟ್ಟಿಲ್ಲ. ಬಿಪಿ ಮಾತ್ರೆಯನ್ನು ಮೊಮ್ಮಕ್ಕಳ ಕೈಯಲ್ಲೇ ತರಿಸಿಕೊಂಡು ಎಲ್ಲರೆದುರು ನುಂಗುತ್ತಾರೆ. ಬಿಪಿಗೂ ಪೂರ್ತಿ ಗುಣವಿಲ್ಲ, ಅದೂ ಬದುಕಿರುವವರೆಗೆ. ಇನ್ನೊಂದು ಮಾತ್ರೆಗೆ ಬೀರುವಿನ ಬೀಗ ತೆಗೆಯಬೇಕು, ಅದರ ಕೀಲಿ ಎಲ್ಲಿದೆಯೆಂದು ಸೊಸೆಗೆ ಗೊತ್ತಿಲ್ಲ.